ಆಟಕ್ಕುಂಟು, ಲೆಕ್ಕಕ್ಕಿಲ್ಲ: 262ನೇ ಹುಡುಗ ಬ್ರಾಕ್ ಪರ್ಡಿ ಮತ್ತು ಅವನ ಸಂಬಳದ ಗಣಿತ

2024ರ ಫೆಬ್ರವರಿ 11, ಲಾಸ್ ವೇಗಸ್. ಸೂಪರ್ ಬೌಲ್, ಅಂದರೆ ಅಮೆರಿಕನ್ ಫುಟ್‌ಬಾಲ್‌ನ ಫೈನಲ್. ಒಂದು ಕಡೆ ಕ್ಯಾನ್ಸಸ್ ಸಿಟಿ ಚೀಫ್ಸ್ ತಂಡದ ಪ್ಯಾಟ್ರಿಕ್ ಮಹೋಮ್ಸ್. 2020ರಲ್ಲಿ ಅವನು ಸಹಿ ಹಾಕಿದ ಕಾಂಟ್ರ್ಯಾಕ್ಟ್ ಹತ್ತು ವರ್ಷಕ್ಕೆ 45 ಕೋಟಿ ಡಾಲರ್. ಇನ್ನೊಂದು ಕಡೆ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡದ ಬ್ರಾಕ್ ಪರ್ಡಿ. ಆ ಸೀಸನ್‌ಗೆ ಅವನ ಸಂಬಳ 8 ಲಕ್ಷ 70 ಸಾವಿರ ಡಾಲರ್. ನಮ್ಮ ನಿಮ್ಮಂಥವರಿಗೆ ಅದೂ ದೊಡ್ಡ ದುಡ್ಡೇ ಬಿಡಿ. ಆದರೆ ಆ ಲೀಗ್‌ನಲ್ಲಿ ಅದು ಬೆಂಚ್ ಕಾಯುವ ಹುಡುಗರ ಸಂಬಳ. ಇಬ್ಬರದೂ ಒಂದೇ ಕೆಲಸ, ಒಂದೇ ಜಾಗ. ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಗಿ ಚೀಫ್ಸ್ 25-22ರಲ್ಲಿ ಗೆದ್ದಿತು. ಅಂದರೆ ಅಗ್ಗದ ಹುಡುಗ ದುಬಾರಿ ಹುಡುಗನ ಜೊತೆ ಕೊನೆಯವರೆಗೂ ಸಮಸಮ ನಿಂತಿದ್ದ.

ಪರ್ಡಿಯ ಕಥೆಯನ್ನು ಎಲ್ಲರೂ ಹೇಳೋದು ಒಂದೇ ಥರ. ಯಾರಿಗೂ ಬೇಡದ ಹುಡುಗ, ಕಷ್ಟಪಟ್ಟ, ಮೇಲೆ ಬಂದ. ಸುಳ್ಳಲ್ಲ, ಆದರೆ ನನಗೆ ಅದರಲ್ಲಿ ಅಂಥ ರುಚಿ ಇಲ್ಲ. ಅವನು ಯಾರಿಗೂ ಬೇಡವಾಗಿದ್ದೇ ತಂಡಕ್ಕೆ ಹೇಗೆ ವರವಾಯಿತು, ಎಲ್ಲರಿಗೂ ಬೇಕಾದ ಮೇಲೆ ಅದೇ ತಂಡ ಯಾಕೆ ಹಳೆಯ ಆಟಗಾರರನ್ನು ಒಬ್ಬೊಬ್ಬರಾಗಿ ಬಿಟ್ಟುಕೊಡಬೇಕಾಯಿತು, ಅದು ಮಜಾ ಇರೋ ಭಾಗ. ಅದು ಅರ್ಥವಾಗಬೇಕಾದರೆ ಅಲ್ಲಿನ ಕಾಲೇಜು, ಡ್ರಾಫ್ಟ್, ಸಂಬಳದ ಮಿತಿ ಈ ಮೂರೂ ಗೊತ್ತಿರಬೇಕು. ಒಂದೊಂದಾಗಿ ನೋಡೋಣ.

ಮೊದಲು ಆಟದ ಬಗ್ಗೆ ನಾಲ್ಕೇ ಮಾತು. ತಂಡಕ್ಕೆ ಹನ್ನೊಂದು ಜನ. ಚೆಂಡು ಕೈಯಲ್ಲಿರುವ ತಂಡಕ್ಕೆ ನಾಲ್ಕು ಅವಕಾಶ, ಅಷ್ಟರಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ. ಹೀಗೇ ಹೋಗಿ ಕೊನೆಯ ಗೆರೆ ದಾಟಿದರೆ ಟಚ್‌ಡೌನ್, ಆರು ಅಂಕ. ಹೆಚ್ಚೂಕಡಿಮೆ ಪ್ರತಿ ಸಲವೂ ಚೆಂಡು ಮೊದಲು ಬರೋದು ಕ್ವಾರ್ಟರ್‌ಬ್ಯಾಕ್ ಕೈಗೆ. ಯಾರಿಗೆ ಎಸೆಯಬೇಕು, ಯಾರ ಕೈಗೆ ಕೊಟ್ಟು ಓಡಿಸಬೇಕು, ಕೋಚ್ ಹೇಳಿದ ಯೋಜನೆಯೊಳಗೆ ಆ ಕ್ಷಣದ ತೀರ್ಮಾನ ಅವನದೇ. ಯೋಚಿಸೋಕೆ ಸಿಗೋದು ಎರಡು ಮೂರು ಸೆಕೆಂಡ್. ಅಷ್ಟರಲ್ಲಿ ನೂರಿಪ್ಪತ್ತು, ನೂರಮೂವತ್ತು ಕಿಲೋ ತೂಗುವ ಆಳುಗಳು ಅವನನ್ನು ಕೆಡವೋಕೆ ನುಗ್ಗಿ ಬರುತ್ತಿರುತ್ತಾರೆ. ಅದಕ್ಕೇ ಈ ಆಟದಲ್ಲಿ ಎಲ್ಲರಿಗಿಂತ ಜಾಸ್ತಿ ಸಂಬಳ ಕ್ವಾರ್ಟರ್‌ಬ್ಯಾಕ್‌ಗೆ.

ಈಗ ಪರ್ಡಿ. ಅರಿಜೋನಾದ ಹುಡುಗ, 1999ರ ಡಿಸೆಂಬರ್‌ನಲ್ಲಿ ಹುಟ್ಟಿದವನು. ಅಪ್ಪ ಬೇಸ್‌ಬಾಲ್‌ನ ಕೆಳಗಿನ ಹಂತದ ಲೀಗ್‌ಗಳಲ್ಲಿ ಪಿಚರ್ ಆಗಿದ್ದವರು. ಗಿಲ್ಬರ್ಟ್ ಊರಿನ ಪೆರ್ರಿ ಹೈಸ್ಕೂಲ್‌ನಲ್ಲಿ ಆಡುತ್ತಾ ಇಡೀ ರಾಜ್ಯದ ವರ್ಷದ ಆಟಗಾರ ಅನ್ನಿಸಿಕೊಂಡ. ಅಮೆರಿಕದಲ್ಲಿ ಹೈಸ್ಕೂಲ್ ಹುಡುಗರಿಗೂ ನಕ್ಷತ್ರ ಕೊಟ್ಟು ರ‍್ಯಾಂಕ್ ಹಾಕುವ ವ್ಯವಸ್ಥೆ ಇದೆ, ಐದು ನಕ್ಷತ್ರ ಅಂದರೆ ಚಿನ್ನ. ಪರ್ಡಿಗೆ ಸಿಕ್ಕಿದ್ದು ಮೂರು. ಎತ್ತರ ಸಾಲದು, ತೋಳಿನ ಬಲ ಅಷ್ಟಕ್ಕಷ್ಟೇ ಅಂತ ದೊಡ್ಡ ಕಾಲೇಜುಗಳು ಬಹಳ ದಿನ ಅವನ ಕಡೆ ತಿರುಗಿಯೂ ನೋಡಲಿಲ್ಲ. ಕೊನೇ ಗಳಿಗೆಯಲ್ಲಿ ಅಲಬಾಮಾ, ಟೆಕ್ಸಸ್ ಎ ಅಂಡ್ ಎಂ ಥರದ ಘಟಾನುಘಟಿಗಳೂ ಕರೆದವು. ಅವನು ಆರಿಸಿಕೊಂಡಿದ್ದು ಅಯೋವಾ ಸ್ಟೇಟ್ ಯೂನಿವರ್ಸಿಟಿಯನ್ನು.

ನಮ್ಮಲ್ಲಿ ಕಾಲೇಜು ಕ್ರೀಡೆ ಅಂದರೆ ವಾರ್ಷಿಕೋತ್ಸವಕ್ಕೆ ಮುಂಚೆ ಒಂದು ವಾರದ ಗಲಾಟೆ, ಅಷ್ಟೇ ಅಲ್ವಾ? ಅಲ್ಲಿ ಹಾಗಿಲ್ಲ. ಅಯೋವಾ ಸ್ಟೇಟ್ ಇರೋದು ಏಮ್ಸ್ ಅನ್ನುವ ಸಣ್ಣ ಊರಿನಲ್ಲಿ. ಅದರ ಸ್ಟೇಡಿಯಂನಲ್ಲಿ 60 ಸಾವಿರಕ್ಕಿಂತ ಹೆಚ್ಚು ಜನ ಕೂರಬಹುದು. ಊರಿನ ಜನಸಂಖ್ಯೆಯೂ ಹೆಚ್ಚೂಕಡಿಮೆ ಅಷ್ಟೇ. (ಆ ಸ್ಟೇಡಿಯಂಗೆ ಜ್ಯಾಕ್ ಟ್ರೈಸ್ ಹೆಸರಿದೆ. ಆ ಯೂನಿವರ್ಸಿಟಿಯ ಮೊದಲ ಕಪ್ಪು ಆಟಗಾರ, 1923ರಲ್ಲಿ ಮಿನೆಸೋಟ ವಿರುದ್ಧದ ಪಂದ್ಯದಲ್ಲಿ ಗಾಯಗೊಂಡು ತೀರಿಕೊಂಡವನು. ಅವನದೇ ಒಂದು ಬೇರೆ ಕಥೆ.) ಟಿವಿ ಹಕ್ಕುಗಳಿಂದ ಕಾಲೇಜುಗಳಿಗೆ ಹರಿದು ಬರುವ ದುಡ್ಡಿಗೆ ಲೆಕ್ಕವಿಲ್ಲ, ಕೋಚ್‌ಗಳ ಸಂಬಳ ಕೋಟಿಗಳಲ್ಲಿ. ಆಡುವ ಹುಡುಗರಿಗೆ ಮಾತ್ರ ಬಹಳ ವರ್ಷ ಸಿಗುತ್ತಿದ್ದದ್ದು ಫೀಸು, ಊಟ, ವಸತಿ ಮತ್ತು ಇನ್ನಷ್ಟು ಸಣ್ಣಪುಟ್ಟ ಖರ್ಚು. 2021ರ ಜುಲೈ 1ರಿಂದ ತಮ್ಮ ಹೆಸರು, ಮುಖ ಬಳಸಿ ಜಾಹೀರಾತು ಮಾಡಿ ದುಡಿಯೋಕೆ ಅವಕಾಶ ಕೊಟ್ಟರು. 2025ರಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಪಾಲು ಕೊಡಬಹುದು ಅಂತಾಯಿತು. ಪರ್ಡಿ ಕಾಲೇಜು ಆಡಿದ್ದು 2018ರಿಂದ 2021ರವರೆಗೆ. ಹೊಸ ಕಾಲ ಶುರುವಾಗುವ ಹೊತ್ತಿಗೆ ಅವನು ಬಾಗಿಲ ಹತ್ತಿರ ಇದ್ದ.

ಹಾಗಾದರೆ ನೇರವಾಗಿ ಪ್ರೊಫೆಷನಲ್ ಲೀಗ್‌ಗೇ ಹೋಗಬಹುದಲ್ಲ? ಆಗೋಲ್ಲ. ಹೈಸ್ಕೂಲ್ ಮುಗಿದು ಮೂರು ವರ್ಷ ಕಳೆಯೋವರೆಗೂ ಎನ್‌ಎಫ್‌ಎಲ್, ಅಂದರೆ ಆ ಪ್ರೊಫೆಷನಲ್ ಲೀಗ್, ಯಾರನ್ನೂ ತೆಗೆದುಕೊಳ್ಳುವುದಿಲ್ಲ. ಆ ಮೂರು ವರ್ಷ ಆಡೋಕೆ ಕಾಲೇಜು ಬಿಟ್ಟರೆ ಹೇಳಿಕೊಳ್ಳುವಂಥ ಬೇರೆ ಜಾಗವೂ ಇಲ್ಲ. ಅಂದರೆ ಎನ್‌ಎಫ್‌ಎಲ್‌ಗೆ ಬೇಕಾದ ತರಬೇತಿಯ ಖರ್ಚನ್ನೆಲ್ಲ ಕಾಲೇಜುಗಳೇ ಹೊರುತ್ತವೆ, ಲೀಗ್‌ಗೆ ಒಂದು ಪೈಸೆ ಖರ್ಚಿಲ್ಲ. ಒಳ್ಳೇ ವ್ಯಾಪಾರ.

ಏಮ್ಸ್‌ನಲ್ಲಿ ಪರ್ಡಿ ಮೊದಲ ವರ್ಷ ಮೂರನೇ ಆಯ್ಕೆ. ಮೊದಲನೆಯವನಿಗೆ ಗಾಯ, ಎರಡನೆಯವನ ಆಟ ಸರಿ ಹೋಗಲಿಲ್ಲ. ಅಕ್ಟೋಬರ್ 2018ರಲ್ಲಿ ಓಕ್ಲಹೋಮ ಸ್ಟೇಟ್ ಅಂಗಳದಲ್ಲಿ ಕೋಚ್ ಮ್ಯಾಟ್ ಕ್ಯಾಂಪ್‌ಬೆಲ್ ಈ ಹುಡುಗನನ್ನು ಇಳಿಸಿದರು. ಎಸೆದು ಗಳಿಸಿಕೊಟ್ಟ ಟಚ್‌ಡೌನ್ ನಾಲ್ಕು, ತಾನೇ ಓಡಿ ಗಳಿಸಿದ್ದು ಒಂದು, 48-42 ಗೆಲುವು. ಅಲ್ಲಿಂದ ಮುಂದೆ ನಾಲ್ಕು ವರ್ಷ ಆ ಜಾಗ ಅವನದ್ದೇ. ಈ ಮೂರನೇ ಆಯ್ಕೆ ಅನ್ನೋದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

ಅಯೋವಾ ಸ್ಟೇಟ್ ಅಂದರೆ ಗೆಲುವಿಗೆ ಹೆಸರಾದ ತಂಡವೇನಲ್ಲ. ಅದು ತನ್ನ ಕಾನ್ಫರೆನ್ಸ್ (ತಮ್ಮತಮ್ಮಲ್ಲಿ ಆಡುವ ಕಾಲೇಜುಗಳ ಗುಂಪು) ಪ್ರಶಸ್ತಿ ಗೆದ್ದು ಆಗಲೇ ನೂರು ವರ್ಷ ದಾಟಿತ್ತು. 2020ರಲ್ಲಿ ಪರ್ಡಿ ಆಡುತ್ತಿದ್ದಾಗ ಮೊದಲ ಬಾರಿಗೆ ಆ ಗುಂಪಿನ, ಅಂದರೆ ಬಿಗ್ 12ರ, ಫೈನಲ್ ತಲುಪಿತು. ಓಕ್ಲಹೋಮ ವಿರುದ್ಧ 27-21ರಲ್ಲಿ ಸೋತರೂ, ಆಮೇಲೆ ಸೀಸನ್ ಕೊನೆಯ ದೊಡ್ಡ ಪಂದ್ಯಗಳಲ್ಲಿ ಒಂದಾದ ಫಿಯೆಸ್ಟಾ ಬೌಲ್‌ನಲ್ಲಿ ಒರೆಗಾನ್ ತಂಡವನ್ನು 34-17ರಲ್ಲಿ ಸೋಲಿಸಿ ದೇಶದ ಒಂಬತ್ತನೇ ಸ್ಥಾನದಲ್ಲಿ ಸೀಸನ್ ಮುಗಿಸಿತು. ನಾಲ್ಕು ವರ್ಷದಲ್ಲಿ ಪರ್ಡಿ ಎಸೆದ ದೂರ ಒಟ್ಟು 12,170 ಗಜ, ಟಚ್‌ಡೌನ್ 81. ಆ ಕಾಲೇಜಿನ ಎಸೆತದ ದಾಖಲೆಗಳಲ್ಲಿ ಬಹುಪಾಲು ಇವನ ಹೆಸರಲ್ಲೇ ಇವೆ.

ಇಷ್ಟಾದ ಮೇಲೂ ಯಾಕೆ ಯಾರಿಗೂ ಬೇಡವಾದ? ಮೊದಲ ಕಾರಣ 2021ರ ಸೀಸನ್. ಶುರುವಿನಲ್ಲಿ ದೇಶದ ಏಳನೇ ತಂಡ ಅಂತ ಹೊಗಳಿಸಿಕೊಂಡ ಅಯೋವಾ ಸ್ಟೇಟ್ ಕೊನೆಗೆ ಏಳು ಗೆದ್ದು ಆರು ಸೋತಿತು. ಎರಡನೆಯದು ಅಳತೆಪಟ್ಟಿ. ಡ್ರಾಫ್ಟ್‌ಗೆ ಮುಂಚೆ ಇಂಡಿಯಾನಾಪೊಲಿಸ್‌ನಲ್ಲಿ ಕಂಬೈನ್ ಅಂತ ನಡೆಯುತ್ತೆ. ಹುಡುಗರ ಎತ್ತರ, ತೂಕ, ಅಂಗೈ ಅಗಲ, ತೋಳಿನ ಉದ್ದ, ಓಟದ ವೇಗ ಎಲ್ಲ ಅಳೆಯುತ್ತಾರೆ. ಪರ್ಡಿ 40 ಗಜ ಓಡಲು ತೆಗೆದುಕೊಂಡಿದ್ದು 4.84 ಸೆಕೆಂಡ್, ಎತ್ತರ ಆರು ಅಡಿಗಿಂತ ಕೂದಲೆಳೆ ಜಾಸ್ತಿ. ಎಲ್ಲದರಲ್ಲೂ ಸಾಧಾರಣ. ಮೂರನೆಯ ಕಾರಣ ಸ್ವಲ್ಪ ವಿಚಿತ್ರ. ನಾಲ್ಕು ವರ್ಷ ಆಡಿದ್ದಾನೆ, ಇವನಲ್ಲಿ ಇರೋದನ್ನೆಲ್ಲ ನೋಡಿಯಾಗಿದೆ, ಇನ್ನು ಬೆಳೆಯೋಕೆ ಏನಿದೆ ಅನ್ನುವ ಲೆಕ್ಕ. ಕಡಿಮೆ ಆಡಿದ, ಮೈಕಟ್ಟು ಚೆನ್ನಾಗಿರುವ ಹುಡುಗ ಸಿಕ್ಕರೆ ತಂಡಗಳು ಅವನ ಮೇಲೆ ಕನಸು ಕಟ್ಟುತ್ತವೆ. ತುಂಬ ಆಡಿದವನ ಮೇಲೆ ಕನಸು ಕಟ್ಟೋಕಾಗೋಲ್ಲ, ಅವನ ತಪ್ಪುಗಳೆಲ್ಲ ವಿಡಿಯೋದಲ್ಲಿ ಇರುತ್ತವಲ್ಲ.

ಡ್ರಾಫ್ಟ್ ಅಂದರೆ ಏನು? ನಮಗೆ ಗೊತ್ತಿರೋದು ಐಪಿಎಲ್ ಹರಾಜು. ಅಲ್ಲಿ ದುಡ್ಡು ಕೂಗಬೇಕು, ಜಾಸ್ತಿ ಕೂಗಿದವರಿಗೆ ಆಟಗಾರ. ಡ್ರಾಫ್ಟ್‌ನಲ್ಲಿ ಕೂಗಾಟವೇ ಇಲ್ಲ, ಸರದಿ ಇದೆ. ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ, ಕಪ್ ಗೆದ್ದವರಿಗೆ ಕೊನೆಯದು. 32 ತಂಡ, ಏಳು ಸುತ್ತು. ಆಟಗಾರನಿಗೆ ತಂಡ ಆರಿಸುವ ಹಕ್ಕಿಲ್ಲ. ಸರದಿಯನ್ನೇ ಒಂದು ತಂಡ ಇನ್ನೊಂದಕ್ಕೆ ಕೊಟ್ಟು ಬದಲಾಯಿಸಿಕೊಳ್ಳಬಹುದು. ಮುಂದಿನ ವರ್ಷಗಳ ಸರದಿಯನ್ನು ಕೂಡ. ಎಷ್ಟನೆಯವನಾಗಿ ಆಯ್ಕೆಯಾದ ಅನ್ನೋದರ ಮೇಲೆ ಹೆಚ್ಚೂಕಡಿಮೆ ಅವನ ಮುಂದಿನ ನಾಲ್ಕು ವರ್ಷದ ಸಂಬಳ ನಿಂತಿದೆ. ಚೌಕಾಸಿಗೆ ಜಾಗ ಬಹಳ ಕಡಿಮೆ.

ಮೊದಲು ಹೀಗಿರಲಿಲ್ಲ. 2010ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಸ್ಯಾಮ್ ಬ್ರಾಡ್‌ಫರ್ಡ್ ಒಂದು ಪಂದ್ಯವನ್ನೂ ಆಡುವ ಮುಂಚೆಯೇ ಆರು ವರ್ಷಕ್ಕೆ 7.8 ಕೋಟಿ ಡಾಲರ್ ಒಪ್ಪಂದ ಗಿಟ್ಟಿಸಿದ. ಅದರಲ್ಲಿ 5 ಕೋಟಿ ಗ್ಯಾರಂಟಿ. ಹತ್ತು ವರ್ಷ ಬೆವರು ಸುರಿಸಿದ ಹಳಬರಿಗೆ ಹೊಟ್ಟೆ ಉರಿಯದೆ ಇರುತ್ತಾ? ಮಾಲೀಕರಿಗೂ ಇದು ಬೇಡವಾಗಿತ್ತು. 2011ರಲ್ಲಿ ಲೀಗ್ ಮತ್ತು ಆಟಗಾರರ ಸಂಘದ ನಡುವೆ ಆದ ಹೊಸ ಒಪ್ಪಂದದಲ್ಲಿ ಹೊಸಬರ ಸಂಬಳಕ್ಕೆ ಪಟ್ಟಿ ಬಂತು. ಆ ವರ್ಷ ಮೊದಲನೆಯವನಾದ ಕ್ಯಾಮ್ ನ್ಯೂಟನ್‌ಗೆ ಸಿಕ್ಕಿದ್ದು ನಾಲ್ಕು ವರ್ಷಕ್ಕೆ ಸುಮಾರು 2.2 ಕೋಟಿ. ಒಂದೇ ವರ್ಷದಲ್ಲಿ ಅಷ್ಟು ಕುಸಿತ. ಜೊತೆಗೆ ಇನ್ನೊಂದು ಕಟ್ಟು: ಮೂರು ಸೀಸನ್ ಮುಗಿಯೋವರೆಗೂ ಈ ಮೊದಲ ಒಪ್ಪಂದವನ್ನು ಯಾವ ಕಾರಣಕ್ಕೂ ತಿದ್ದುವಂತಿಲ್ಲ. ಆಟಗಾರ ಆಕಾಶ ಮುಟ್ಟಿದರೂ ಅಷ್ಟೇ.

2022ರ ಡ್ರಾಫ್ಟ್‌ನಲ್ಲಿ ಒಟ್ಟು 262 ಹುಡುಗರು ಆಯ್ಕೆಯಾದರು. ಅದರಲ್ಲಿ ಕ್ವಾರ್ಟರ್‌ಬ್ಯಾಕ್‌ಗಳು ಒಂಬತ್ತು ಜನ. ಪರ್ಡಿ ಒಂಬತ್ತನೆಯವನು. 262ನೆಯವನೂ ಅವನೇ.

ಈ ಕೊನೆಯವನಿಗೆ ಅಲ್ಲಿ ಒಂದು ಬಿರುದಿದೆ, ಮಿಸ್ಟರ್ ಇರ‍್ರೆಲವೆಂಟ್. ನಮ್ಮ ಕಡೆ ಚಿಕ್ಕ ಮಕ್ಕಳನ್ನು ಆಟಕ್ಕೆ ಸೇರಿಸಿಕೊಳ್ಳುವಾಗ ಹೇಳುತ್ತೀವಲ್ಲ, ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ, ಅದೇ ಭಾವ. 1976ರಲ್ಲಿ ಪಾಲ್ ಸಲಾಟ ಅನ್ನುವ ಮಾಜಿ ಆಟಗಾರ ಇದನ್ನು ಶುರು ಮಾಡಿದ. ಕೊನೆಯವನನ್ನು ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚ್‌ಗೆ ಕರೆಸಿ ಸನ್ಮಾನ, ಊಟ, ತಮಾಷೆ ಎಲ್ಲ ಮಾಡಿ ಒಂದು ಟ್ರೋಫಿ ಕೊಡುತ್ತಾರೆ. ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ಪ್ರಶಸ್ತಿಯಾದ ಹೈಸ್ಮನ್ ಟ್ರೋಫಿಯ ಅಣಕ ಅದು, ಆ ಗೊಂಬೆಯ ಕೈಯಿಂದ ಚೆಂಡು ಜಾರಿ ಬೀಳುತ್ತಿರುತ್ತೆ. ಸಲಾಟ ಒಂದು ಕಾಲಕ್ಕೆ ಆಡಿದ್ದ ತಂಡಗಳಲ್ಲಿ ಫಾರ್ಟಿನೈನರ್ಸ್ ಕೂಡ ಒಂದು. ಅವನು 2021ರಲ್ಲಿ ತೀರಿಕೊಂಡ, ಪರ್ಡಿಯನ್ನು ನೋಡೋಕೆ ಇರಲಿಲ್ಲ.

ಈಗ ದುಡ್ಡು. ಆ ವರ್ಷ ಮೊದಲನೆಯವನಾಗಿ ಆಯ್ಕೆಯಾದ ಟ್ರೇವಾನ್ ವಾಕರ್‌ಗೆ ನಾಲ್ಕು ವರ್ಷಕ್ಕೆ ಸುಮಾರು 3.7 ಕೋಟಿ ಡಾಲರ್, ಪೂರ್ತಿ ಗ್ಯಾರಂಟಿ. ಕೊನೆಯವನಾದ ಪರ್ಡಿಗೆ ಅದೇ ನಾಲ್ಕು ವರ್ಷಕ್ಕೆ ಸುಮಾರು 37 ಲಕ್ಷ. ಸರಿಯಾಗಿ ಹತ್ತರಲ್ಲಿ ಒಂದು ಪಾಲು. ಅದರಲ್ಲೂ ಕೈಗೆ ಖಚಿತವಾಗಿ ಸಿಗುತ್ತಿದ್ದದ್ದು ಸಹಿ ಹಾಕಿದಾಗ ಕೊಟ್ಟ 77 ಸಾವಿರ ಮಾತ್ರ. ಉಳಿದದ್ದು ತಂಡದಲ್ಲಿ ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಫಾರ್ಟಿನೈನರ್ಸ್‌ಗೆ ಆಗ ಕ್ವಾರ್ಟರ್‌ಬ್ಯಾಕ್ ಬೇಕೂ ಇರಲಿಲ್ಲ. 2021ರಲ್ಲಿ ಅವರು ಟ್ರೇ ಲಾನ್ಸ್ ಅನ್ನುವ ಹುಡುಗನಿಗಾಗಿ ಮೂರು ಮೊದಲ ಸುತ್ತಿನ ಸರದಿಗಳನ್ನು ಬಿಟ್ಟುಕೊಟ್ಟಿದ್ದರು, ಮೇಲೊಂದು ಮೂರನೇ ಸುತ್ತಿನದು ಬೇರೆ. ಅವನೇ ಭವಿಷ್ಯ ಅಂತ ಲೆಕ್ಕ. ಒಪ್ಪಂದ ಸುಮಾರು 3.4 ಕೋಟಿ. ಅವನ ಹಿಂದೆ ಅನುಭವಿ ಜಿಮ್ಮಿ ಗರೊಪೊಲೊ. ಪರ್ಡಿ ಮತ್ತೆ ಮೂರನೆಯವನು. ಆ ಮೂರನೇ ಜಾಗಕ್ಕೂ ಪೈಪೋಟಿ ಇತ್ತು. ನೇಟ್ ಸಡ್‌ಫೆಲ್ಡ್ ಅನ್ನುವವನಿಗೆ ತಂಡ ಆಗಲೇ 20 ಲಕ್ಷ ಡಾಲರ್ ಗ್ಯಾರಂಟಿ ಕೊಟ್ಟಿತ್ತು. ಅವನನ್ನು ಕಳಿಸಿ ಪರ್ಡಿಯನ್ನು ಇಟ್ಟುಕೊಂಡರು. ನನ್ನ ಪ್ರಕಾರ ಇಡೀ ಕಥೆಯ ನಿಜವಾದ ತಿರುವು ಇದೇ, ಆದರೆ ಇದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡೋಲ್ಲ. ಎಲ್ಲರ ಬಾಯಲ್ಲೂ ಡ್ರಾಫ್ಟ್ ದಿನದ ಕಥೆ. ಆದರೆ 20 ಲಕ್ಷ ಕೈಬಿಟ್ಟು ಅಗ್ಗದ ಹುಡುಗನನ್ನು ಉಳಿಸಿಕೊಂಡರು ಅಂದರೆ, ಅಭ್ಯಾಸದಲ್ಲಿ ಕೋಚ್ ಕಣ್ಣಿಗೆ ಏನೋ ಬಿದ್ದಿರಲೇಬೇಕು.

ಆಮೇಲೆ ಆದದ್ದು ಬೇಗ ಹೇಳಿ ಮುಗಿಸುತ್ತೇನೆ. ಸೆಪ್ಟೆಂಬರ್ 18, 2022: ಲಾನ್ಸ್ ಪಾದದ ಕೀಲು ಮುರಿಯಿತು. ಡಿಸೆಂಬರ್ 4: ಗರೊಪೊಲೊ ಪಾದ ಮುರಿಯಿತು. ಉಳಿದವನು 262ನೆಯವನು. ಆ ದಿನ ಮಯಾಮಿ ವಿರುದ್ಧ 33-17 ಗೆಲುವು. ಮುಂದಿನ ವಾರ ಮೊದಲಿನಿಂದ ಆಡಿದ ಮೊದಲ ಪಂದ್ಯ. ಎದುರಾಳಿ ಯಾರು ಗೊತ್ತಾ? ಈ ಆಟದ ದಂತಕಥೆ ಅನ್ನಿಸಿಕೊಂಡ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ, ವಯಸ್ಸು 45. ಅವನೂ 2000ದ ಡ್ರಾಫ್ಟ್‌ನಲ್ಲಿ 199ನೆಯವನಾಗಿ ತಡವಾಗಿ ಆಯ್ಕೆಯಾದವನೇ, ಅದೂ ಅಲ್ಲದೆ ಚಿಕ್ಕಂದಿನಲ್ಲಿ ಫಾರ್ಟಿನೈನರ್ಸ್ ಅಭಿಮಾನಿ. 35-7ರಲ್ಲಿ ಪರ್ಡಿಯ ತಂಡ ಗೆದ್ದಿತು. ಆ ಸೀಸನ್‌ನಲ್ಲಿ ಪರ್ಡಿ ಮೊದಲಿನಿಂದ ಆಡಿದ ಐದು ಲೀಗ್ ಪಂದ್ಯಗಳಲ್ಲೂ ಸೋಲಲಿಲ್ಲ. ಪ್ಲೇಆಫ್‌ನಲ್ಲೂ ಎರಡು ಗೆದ್ದ.

2023ರ ಜನವರಿ 29ರಂದು ಫಿಲಡೆಲ್ಫಿಯಾದಲ್ಲಿ ಸೂಪರ್ ಬೌಲ್‌ಗೆ ಮುಂಚಿನ ಪಂದ್ಯ. ಶುರುವಾಗಿ ಇನ್ನೂ ಸರಿಯಾಗಿ ಬೆವರೂ ಬಂದಿರಲಿಲ್ಲ, ಪರ್ಡಿ ಎಸೆಯುವ ಹೊತ್ತಿಗೆ ಹಸಾನ್ ರೆಡ್ಡಿಕ್ ಅವನ ತೋಳಿಗೆ ಹೊಡೆದ. ಬಲಮೊಣಕೈಯ ಒಳಗಿನ ಅಸ್ಥಿರಜ್ಜು ಹರಿಯಿತು. ಬದಲಿಗೆ ಬಂದ ಜಾಶ್ ಜಾನ್ಸನ್ ತಲೆಗೆ ಪೆಟ್ಟು ಬಿದ್ದು ಹೊರಹೋದ. ಬೇರೆ ಯಾರೂ ಇಲ್ಲ, ಹೀಗಾಗಿ ಎಸೆಯಲಾಗದ ಪರ್ಡಿಯೇ ವಾಪಸ್ ಬಂದು ನಿಲ್ಲಬೇಕಾಯಿತು. ಕ್ವಾರ್ಟರ್‌ಬ್ಯಾಕ್ ಎಸೆಯೋಲ್ಲ ಅಂತ ಎದುರಾಳಿಗೂ ಗೊತ್ತು, ಸ್ಟೇಡಿಯಂಗೂ ಗೊತ್ತು, ಟಿವಿ ಮುಂದೆ ಕೂತವರಿಗೂ ಗೊತ್ತು. 31-7 ಸೋಲು. ಇದಾದ ಕೆಲವೇ ತಿಂಗಳಲ್ಲಿ ಲೀಗ್ ನಿಯಮವನ್ನೇ ಬದಲಿಸಿ, ತುರ್ತಿಗೆ ಅಂತ ಮೂರನೇ ಕ್ವಾರ್ಟರ್‌ಬ್ಯಾಕ್ ಒಬ್ಬನನ್ನು ಪಂದ್ಯದ ಪಟ್ಟಿಯ ಲೆಕ್ಕಕ್ಕೆ ಸೇರಿಸದೆ ಇಟ್ಟುಕೊಳ್ಳಲು ಬಿಟ್ಟಿತು.

ಮಾರ್ಚ್‌ನಲ್ಲಿ ಶಸ್ತ್ರಚಿಕಿತ್ಸೆ, ಸೆಪ್ಟೆಂಬರ್‌ನಲ್ಲಿ ಮೊದಲ ಪಂದ್ಯಕ್ಕೇ ಹಾಜರ್. 2023ರ ಸೀಸನ್ ಅವನ ಅತ್ಯುತ್ತಮ ಸೀಸನ್. 4,280 ಗಜ, 31 ಟಚ್‌ಡೌನ್. ಫಾರ್ಟಿನೈನರ್ಸ್‌ನಲ್ಲಿ ಒಂದೇ ಸೀಸನ್‌ನಲ್ಲಿ ಜಾಸ್ತಿ ಗಜ ಎಸೆದ ದಾಖಲೆ 2000ದಿಂದ ಜೆಫ್ ಗಾರ್ಸಿಯಾ ಹೆಸರಲ್ಲಿತ್ತು, 4,278. ಎರಡೇ ಗಜದಲ್ಲಿ ದಾಖಲೆ ಕೈ ಬದಲಾಯಿತು. ಜೋ ಮೊಂಟಾನಾ, ಸ್ಟೀವ್ ಯಂಗ್ ಥರದ ಮಹಾನ್ ಕ್ವಾರ್ಟರ್‌ಬ್ಯಾಕ್‌ಗಳು ಆಡಿದ ತಂಡದಲ್ಲಿ ಅನ್ನೋದನ್ನು ಮರೆಯಬೇಡಿ. ಕ್ವಾರ್ಟರ್‌ಬ್ಯಾಕ್‌ಗಳ ದಕ್ಷತೆ ಅಳೆಯುವ ಪಾಸರ್ ರೇಟಿಂಗ್‌ನಲ್ಲಿ ಇಡೀ ಲೀಗ್‌ಗೆ ಮೊದಲಿಗ. ಪ್ಲೇಆಫ್‌ನಲ್ಲಿ ಡೆಟ್ರಾಯ್ಟ್ ವಿರುದ್ಧ ಅರ್ಧ ಆಟಕ್ಕೆ 24-7 ಹಿಂದಿದ್ದವರು 34-31ರಲ್ಲಿ ಗೆದ್ದರು. ಅಲ್ಲಿಂದ ಲಾಸ್ ವೇಗಸ್‌ಗೆ.

ಇಲ್ಲಿಂದ ಶುರು ಜಗಳ. ಪರ್ಡಿ ನಿಜವಾಗಿಯೂ ಒಳ್ಳೆಯವನಾ, ಇಲ್ಲ ಸುತ್ತ ಇರುವವರು ಒಳ್ಳೆಯವರಾ? ಕೋಚ್ ಕೈಲ್ ಶಾನಹಾನ್ ಹೆಣೆಯುವ ಆಟದಲ್ಲಿ ಯಾರು ಆಡಿದರೂ ಚೆನ್ನಾಗಿ ಕಾಣಿಸುತ್ತಾರೆ ಅನ್ನೋದು ಒಂದು ಬಣ. 2010ರ ದಶಕದ ತಾರೆ ಕ್ಯಾಮ್ ನ್ಯೂಟನ್ ಕೂಡ ಇವನನ್ನು ಗೇಮ್ ಮ್ಯಾನೇಜರ್‌ಗಳ ಸಾಲಿಗೆ ಸೇರಿಸಿದ, ಅಂದರೆ ಪಂದ್ಯ ಗೆಲ್ಲಿಸುವವನಲ್ಲ, ಕೆಡಿಸದೆ ನೋಡಿಕೊಳ್ಳುವವನು ಅಂತ. 2023ರ ಕ್ರಿಸ್‌ಮಸ್ ರಾತ್ರಿ ಬಾಲ್ಟಿಮೋರ್ ವಿರುದ್ಧ ಪರ್ಡಿಯ ನಾಲ್ಕು ಎಸೆತ ಎದುರಾಳಿಗಳ ಕೈ ಸೇರಿದಾಗ ಈ ಬಣಕ್ಕೆ ಹಬ್ಬವೇ ಹಬ್ಬ.

ನನಗೆ ಕಾಣೋದು ಇಷ್ಟು. ಅವನಿಗೆ ತೋಳಿನ ಬಲ ಕಡಿಮೆ ಇರೋದು ನಿಜ. ಅದನ್ನು ಅವನು ಸಮಯದಲ್ಲಿ ಸರಿದೂಗಿಸುತ್ತಾನೆ. ಚೆಂಡು ಹಿಡಿಯಬೇಕಾದವನು ಇನ್ನೂ ತಿರುಗಿಯೇ ಇರೋಲ್ಲ, ಅವನು ತಿರುಗುವ ಜಾಗಕ್ಕೆ ಇವನ ಎಸೆತ ಆಗಲೇ ಹೊರಟಿರುತ್ತೆ. ಬಲವಾಗಿ ಎಸೆಯುವವನು ಅರ್ಧ ಸೆಕೆಂಡ್ ಕಾದು ನೋಡಬಹುದು, ಇವನಿಗೆ ಆ ಸವಲತ್ತಿಲ್ಲ, ಮೊದಲೇ ಊಹಿಸಿ ಬಿಡಬೇಕು. ಊಹೆ ತಪ್ಪಿದ ದಿನ ಬಾಲ್ಟಿಮೋರ್ ಥರದ ರಾತ್ರಿ. ಏಮ್ಸ್‌ನಲ್ಲಿ ನಾಲ್ಕು ವರ್ಷ ಜಾಸ್ತಿ ಆಡಿಬಿಟ್ಟ ಅಂತ ತಂಡಗಳು ಯಾವುದನ್ನು ದೋಷ ಅಂದವೋ, ಆ ಊಹೆ ಬಂದದ್ದು ಅಲ್ಲಿಂದಲೇ ಅಂತ ನನ್ನ ನಂಬಿಕೆ. ಕಂಬೈನ್‌ನಲ್ಲಿ ಅದನ್ನು ಅಳೆಯುವ ಟೇಪ್ ಇಲ್ಲ.

ಸುತ್ತ ಇರುವವರು ಒಳ್ಳೆಯವರು ಅನ್ನುವ ಮಾತೂ ನಿಜ. ಆದರೆ ಅವರು ಯಾಕೆ ಒಟ್ಟಿಗೆ ಒಂದೇ ತಂಡದಲ್ಲಿ ಇದ್ದರು? ಉತ್ತರ ಇರೋದು ಸಂಬಳದ ಮಿತಿಯಲ್ಲಿ.

ಎನ್‌ಎಫ್‌ಎಲ್‌ನಲ್ಲಿ 1994ರಿಂದ ಪ್ರತಿ ತಂಡದ ಒಟ್ಟು ಸಂಬಳಕ್ಕೆ ಒಂದು ಮಿತಿ ಇದೆ, 32 ತಂಡಕ್ಕೂ ಒಂದೇ. 2023ರಲ್ಲಿ ಅದು 22.48 ಕೋಟಿ ಡಾಲರ್. ಮಾಲೀಕ ಎಷ್ಟೇ ಶ್ರೀಮಂತನಾಗಿರಲಿ, ಜಾಸ್ತಿ ಖರ್ಚು ಮಾಡುವ ಹಾಗಿಲ್ಲ. ಇದರೊಳಗೆ ಐವತ್ತಕ್ಕೂ ಹೆಚ್ಚು ಜನರ ಸಂಬಳ ಹೊಂದಿಸಬೇಕು. ಅದೇ ವರ್ಷ ಸಿನ್ಸಿನಾಟಿಯ ಕ್ವಾರ್ಟರ್‌ಬ್ಯಾಕ್ ಜೋ ಬರೋ ವರ್ಷಕ್ಕೆ ಸರಾಸರಿ 5.5 ಕೋಟಿಯ ಒಪ್ಪಂದಕ್ಕೆ ಸಹಿ ಹಾಕಿದ. ಅಂದರೆ ಮಿತಿಯ ಕಾಲು ಭಾಗದ ಹತ್ತಿರ ಒಬ್ಬನಿಗೇ. ಪರ್ಡಿಗೆ ಹೋಗುತ್ತಿದ್ದದ್ದು ನೂರಕ್ಕೆ ಅರ್ಧ ಪಾಲೂ ಇಲ್ಲ. ಆ ವರ್ಷ ಅವನ ಹಿಂದೆ ಬದಲಿಯಾಗಿ ಕೂತಿದ್ದ ಸ್ಯಾಮ್ ಡಾರ್ನಾಲ್ಡ್‌ಗೆ 45 ಲಕ್ಷ, ಆಡುವವನಿಗಿಂತ ಐದು ಪಟ್ಟು ಜಾಸ್ತಿ! ತಮಾಷೆ ಅನ್ನಿಸುತ್ತೆ, ಆದರೆ ನಿಯಮ ಇರೋದೇ ಹಾಗೆ. ಮೂರು ಸೀಸನ್ ಮುಗಿಯೋವರೆಗೂ ತಂಡಕ್ಕೆ ಮನಸ್ಸಿದ್ದರೂ ಜಾಸ್ತಿ ಕೊಡುವಂತಿರಲಿಲ್ಲ. ಕಡಿಮೆ ಸಂಬಳಕ್ಕೆ ಜಾಸ್ತಿ ಆಡಿದವರಿಗೆ ಅಂತ ಲೀಗ್ ಒಂದು ನಿಧಿ ಇಟ್ಟಿದೆ. ಅದರಿಂದ ಅವನಿಗೆ ಆ ವರ್ಷ ಸುಮಾರು 7.4 ಲಕ್ಷ ಬಂತು. ಸಂಬಳದಷ್ಟೇ ಬೋನಸ್ ಅನ್ನಬಹುದು.

ಹೀಗೆ ಉಳಿದ ದುಡ್ಡು ಎಲ್ಲಿಗೆ ಹೋಯಿತು ಅಂತ ಪಟ್ಟಿ ನೋಡಿದರೆ ತಿಳಿಯುತ್ತೆ. ಎದುರಾಳಿ ಕ್ವಾರ್ಟರ್‌ಬ್ಯಾಕ್‌ಗಳನ್ನು ಅಟ್ಟಾಡಿಸುವ ನಿಕ್ ಬೋಸಾಗೆ ಐದು ವರ್ಷಕ್ಕೆ 17 ಕೋಟಿ. ರಕ್ಷಣೆಗೆ ಹೊರಗಿನಿಂದ ತಂದ ಜಾವಾನ್ ಹಾರ್‌ಗ್ರೇವ್‌ಗೆ ನಾಲ್ಕು ವರ್ಷಕ್ಕೆ 8.4 ಕೋಟಿ. ಇದರ ಜೊತೆ ಡೀಬೊ ಸ್ಯಾಮ್ಯುಯೆಲ್, ಜಾರ್ಜ್ ಕಿಟಲ್, ಟ್ರೆಂಟ್ ವಿಲಿಯಮ್ಸ್, ಫ್ರೆಡ್ ವಾರ್ನರ್, ಕ್ರಿಶ್ಚಿಯನ್ ಮೆಕ್‌ಕ್ಯಾಫ್ರಿ. ತಮ್ಮ ತಮ್ಮ ಜಾಗದಲ್ಲಿ ಅತಿ ಹೆಚ್ಚು ಸಂಬಳ ಪಡೆಯುವವರ ಸಾಲಿನವರು ಎಲ್ಲರೂ. ಬರೋ ಥರದ ಸಂಬಳ ಕೊಡಬೇಕಾದ ತಂಡಕ್ಕೆ ಇವರನ್ನೆಲ್ಲ ಒಟ್ಟಿಗೆ ಇಟ್ಟುಕೊಳ್ಳೋಕೆ ಸಾಧ್ಯವೇ ಇರಲಿಲ್ಲ. ಲಾನ್ಸ್ ಮೇಲೆ ಮಾಡಿದ ಅಷ್ಟು ದೊಡ್ಡ ತಪ್ಪನ್ನೂ ಇದೇ ಮುಚ್ಚಿಹಾಕಿತು. 2023ರ ಆಗಸ್ಟ್‌ನಲ್ಲಿ ಲಾನ್ಸ್‌ನನ್ನು ಡಲ್ಲಸ್‌ಗೆ ಒಂದೇ ಒಂದು ನಾಲ್ಕನೇ ಸುತ್ತಿನ ಸರದಿಗೆ ಕೊಟ್ಟುಬಿಟ್ಟರು. ಬೇರೆ ತಂಡ ಇಂಥ ಏಟು ತಿಂದರೆ ಎದ್ದೇಳೋಕೆ ಐದು ವರ್ಷ ಬೇಕು. ಹಾಗಾಗಿ ಪರ್ಡಿ ದೊಡ್ಡವನೋ ತಂಡ ದೊಡ್ಡದೋ ಅನ್ನೋದು ನನ್ನ ಮಟ್ಟಿಗೆ ಅರ್ಧ ಪ್ರಶ್ನೆ. ಅವನ ಸಂಬಳ ಸಣ್ಣದಿತ್ತು, ಅದರಿಂದಲೇ ತಂಡ ದೊಡ್ಡದಾಯಿತು.

ಇಲ್ಲೊಂದು ಅಡ್ಡಮಾತು. ಫಾರ್ಟಿನೈನರ್ಸ್‌ನಲ್ಲಿ ಬಹಳ ವರ್ಷದಿಂದ ಈ ಸಂಬಳ, ಮಿತಿ, ಒಪ್ಪಂದಗಳ ಲೆಕ್ಕ ನೋಡಿಕೊಂಡು ಬಂದವರು ಪರಾಗ್ ಮರಾಠೆ, ಭಾರತೀಯ ಮೂಲದವರು. ಕೆಲವು ಕಾಲ ಅಮೆರಿಕದ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರೂ ಆಗಿದ್ದರು. ತಂಡದ ಹೆಸರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಇದ್ದರೂ ಸ್ಟೇಡಿಯಂ ಇರೋದು ಅಲ್ಲಿಂದ ಸುಮಾರು 60 ಕಿಲೋಮೀಟರ್ ದಕ್ಷಿಣಕ್ಕೆ, ಸಾಂಟಾ ಕ್ಲಾರಾದಲ್ಲಿ, ನಮ್ಮ ಎಷ್ಟೋ ಕನ್ನಡದವರು ಕೆಲಸ ಮಾಡುವ ಸಿಲಿಕಾನ್ ಕಣಿವೆಯ ಆಫೀಸುಗಳ ಮಧ್ಯೆ.

2024ರ ಸೀಸನ್ ಎಡವಟ್ಟಾಯಿತು. ಗಾಯಗಳ ಸರಮಾಲೆ, ಮೆಕ್‌ಕ್ಯಾಫ್ರಿ ಆಡಿದ್ದೇ ಕಡಿಮೆ, ತಂಡ ಆರು ಗೆದ್ದು ಹನ್ನೊಂದು ಸೋತಿತು. ಪರ್ಡಿ 20 ಟಚ್‌ಡೌನ್ ಎಸೆದರೆ, 12 ಎಸೆತ ಎದುರಾಳಿಗೆ ಕೊಟ್ಟ. ಆದರೆ ಮೂರು ಸೀಸನ್ ಮುಗಿದಿತ್ತು, ಕಟ್ಟು ಬಿಚ್ಚಿತ್ತು. 2025ರ ಮೇ ತಿಂಗಳಲ್ಲಿ ಹೊಸ ಒಪ್ಪಂದ: ಐದು ವರ್ಷಕ್ಕೆ 26.5 ಕೋಟಿ ಡಾಲರ್. ವರ್ಷಕ್ಕೆ ಸರಾಸರಿ 5.3 ಕೋಟಿ. ಅವನ ಮೊದಲ ಒಪ್ಪಂದದ ನಾಲ್ಕು ವರ್ಷದ ದುಡ್ಡು ಹೊಸ ಲೆಕ್ಕದಲ್ಲಿ ಒಂದು ತಿಂಗಳ ಸಂಬಳಕ್ಕಿಂತ ಕಡಿಮೆ.

ಇಷ್ಟೊಂದು ಯಾಕೆ ಕೊಟ್ಟರು, ಅದೂ ಕೆಟ್ಟ ಸೀಸನ್ ಆದಮೇಲೆ? ಯಾಕೆಂದರೆ ಕೊಡದೆ ಬಿಟ್ಟರೆ ಮುಂದೆ ಏನು ಅನ್ನೋದಕ್ಕೆ ಉತ್ತರ ಇಲ್ಲ. ಮಾರುಕಟ್ಟೆಯಲ್ಲಿ ಭರವಸೆಯ ಕ್ವಾರ್ಟರ್‌ಬ್ಯಾಕ್‌ಗಳು ಸಿಗೋದೇ ಇಲ್ಲ. ಡ್ರಾಫ್ಟ್‌ನಲ್ಲಿ ಹುಡುಕೋಣ ಅಂದರೆ ಲಾನ್ಸ್ ಕಥೆ ಇನ್ನೂ ಹಸಿಯಾಗಿದೆ. ಮಿತಿಯೂ ವರ್ಷ ವರ್ಷ ಏರುತ್ತಿದೆ, 2025ರಲ್ಲಿ ಅದು 27.92 ಕೋಟಿ ಮುಟ್ಟಿತು. ಇವತ್ತು ದುಬಾರಿ ಅನ್ನಿಸಿದ್ದು ಮೂರು ವರ್ಷದ ನಂತರ ಮಾಮೂಲಿ ಅನ್ನಿಸಬಹುದು. ನನ್ನ ಕೇಳಿದರೆ ತಂಡ ಮಾಡಿದ್ದು ಸರಿ. ಆದರೆ ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ.

ಆ ಬೆಲೆ ಒಪ್ಪಂದಕ್ಕೆ ಮುಂಚೆಯೇ, 2025ರ ಮಾರ್ಚ್‌ನಲ್ಲೇ ಕಾಣಿಸಿತು. ಡೀಬೊ ಸ್ಯಾಮ್ಯುಯೆಲ್‌ನನ್ನು ವಾಷಿಂಗ್ಟನ್‌ಗೆ ಕೊಟ್ಟರು, ಬದಲಿಗೆ ಬಂದದ್ದು ಐದನೇ ಸುತ್ತಿನ ಒಂದು ಸರದಿ. ಹಾರ್‌ಗ್ರೇವ್‌ನನ್ನು ಬಿಟ್ಟರು. ರಕ್ಷಣೆಯ ಡ್ರೇ ಗ್ರೀನ್‌ಲಾ, ತಲನೋವಾ ಹುಫಾಂಗಾ ಇಬ್ಬರೂ ಡೆನ್ವರ್ ಸೇರಿದರು. ಚಾರ್ವೇರಿಯಸ್ ವಾರ್ಡ್ ಇಂಡಿಯಾನಾಪೊಲಿಸ್‌ಗೆ ಹೋದ. ಎಲ್ಲರೂ ಪರ್ಡಿಯಿಂದಲೇ ಹೋದರು ಅಂದರೆ ತಪ್ಪು, ವಯಸ್ಸು, ಗಾಯ ಅಂತ ಒಬ್ಬೊಬ್ಬರಿಗೆ ಒಂದೊಂದು ಕಾರಣ. ಆದರೆ ದೊಡ್ಡ ಬಿಲ್ ಬರುತ್ತೆ ಅಂತ ಗೊತ್ತಿರುವ ಮನೆಯವರು ಮುಂಚೆಯೇ ಕೈ ಬಿಗಿ ಮಾಡಿದ್ದಂತೂ ಹೌದು.

ಅದೇ ಮಾರ್ಚ್‌ನಲ್ಲಿ ಅವರು ಇನ್ನೊಂದು ಸಣ್ಣ ಖರೀದಿ ಮಾಡಿದರು, ಆಗ ಯಾರೂ ಅಷ್ಟು ಗಮನ ಕೊಡಲಿಲ್ಲ. ಮ್ಯಾಕ್ ಜೋನ್ಸ್ ಅನ್ನುವ ಕ್ವಾರ್ಟರ್‌ಬ್ಯಾಕ್, 2021ರ ಡ್ರಾಫ್ಟ್‌ನಲ್ಲಿ 15ನೆಯವನಾಗಿ ನ್ಯೂ ಇಂಗ್ಲೆಂಡ್ ಸೇರಿ, ಅಲ್ಲಿ ಮಂಕಾಗಿ, ಆಮೇಲೆ ಜ್ಯಾಕ್ಸನ್‌ವಿಲ್‌ಗೆ ಹೋದವನು. ಲಾನ್ಸ್ ಹೆಸರು ಕೂಗುವ ಮುಂಚೆ ಫಾರ್ಟಿನೈನರ್ಸ್ ಆರಿಸೋದು ಇವನನ್ನೇ ಅಂತ ಎಷ್ಟೋ ಜನ ಅಂದುಕೊಂಡಿದ್ದರು. ಸೆಪ್ಟೆಂಬರ್ 2025ರಲ್ಲಿ ಸೀಸನ್‌ನ ಮೊದಲ ಪಂದ್ಯದಲ್ಲೇ ಪರ್ಡಿಯ ಕಾಲ್ಬೆರಳಿಗೆ ಗಾಯವಾಯಿತು. ಬದಲಿಗೆ ಇಳಿದ ಜೋನ್ಸ್ ಎಂಟು ಪಂದ್ಯ ಮೊದಲಿನಿಂದ ಆಡಿ ಐದು ಗೆದ್ದ, ವರ್ಷಕ್ಕೆ ಪರ್ಡಿಯ ಹತ್ತನೇ ಒಂದು ಪಾಲೂ ಇಲ್ಲದ ಸಂಬಳಕ್ಕೆ. ತಕ್ಷಣ ಅಭಿಮಾನಿಗಳಲ್ಲಿ ಹಳೇ ಜಗಳ ಹೊಸದಾಗಿ ಶುರುವಾಯಿತು. ಈ ಸಲ ದುಬಾರಿ ಹುಡುಗನ ಜಾಗದಲ್ಲಿ ನಿಂತಿದ್ದವನು ಪರ್ಡಿ.